ಹೊಗಳಿದರೆ ಕಾಸು, ತೆಗಳಿದರೆ ನೋಟಿಸು: ರೀಲ್ಸ್ ಕಾಲದಲ್ಲಿ ಕಂಪನಿಗಳು ಹೆಸರು ಕಾಯುವ ಬಗೆ

2025ರ ಏಪ್ರಿಲ್ ಕೊನೆಯಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಒಂದು ಆದೇಶ ಬಹಳ ಜನರನ್ನು ಗೊಂದಲಕ್ಕೆ ತಳ್ಳಿತು. ಸ್ಯಾನ್ ನ್ಯೂಟ್ರಿಷನ್ ಎಂಬ ಕಂಪನಿ ‘ಡಾಕ್ಟರ್ಸ್ ಚಾಯ್ಸ್’ ಹೆಸರಿನಲ್ಲಿ ಪ್ರೋಟೀನ್ ಪುಡಿ ಮಾರುತ್ತದೆ. ಡಬ್ಬದ ಮೇಲೆ ಬರೆದಷ್ಟು ಪ್ರೋಟೀನ್ ಒಳಗೆ ಇಲ್ಲ ಎಂದು ಕೆಲವು ಯೂಟ್ಯೂಬರ್‌ಗಳು ವಿಡಿಯೊ ಮಾಡಿದ್ದರು. ಕಂಪನಿ ಕೋರ್ಟ್ ಮೆಟ್ಟಿಲು ಹತ್ತಿ, ವಿಡಿಯೊ ತೆಗೆಸಿ ಎಂದು ಕೇಳಿತು. ಕೇಸು ಮುಗಿಯುವ ತನಕ ವಿಡಿಯೊ ತಡೆಹಿಡಿಯುವ ಮಧ್ಯಂತರ ಆದೇಶ ಕೊಡಲು ಕೋರ್ಟ್ ಒಪ್ಪಲಿಲ್ಲ.

ಆದರೆ 2020ರಲ್ಲಿ ಪ್ಯಾರಾಚೂಟ್ ಕೊಬ್ಬರಿ ಎಣ್ಣೆಯ ಬಗ್ಗೆ ಇಂಥದ್ದೇ ವಿಡಿಯೊ ಮಾಡಿದವನಿಗೆ ಬಾಂಬೆ ಹೈಕೋರ್ಟ್ ‘ತೆಗೆದುಹಾಕು’ ಎಂದಿತ್ತು. 2023ರಲ್ಲಿ ಬೋರ್ನ್‌ವಿಟಾ ಬಗ್ಗೆ ಮಾತಾಡಿದವನು ಕೋರ್ಟಿನ ತನಕವೂ ಹೋಗಲಿಲ್ಲ. ವಕೀಲರ ನೋಟಿಸ್ ಬಂದ ಮರುದಿನವೇ ಕ್ಷಮೆ ಕೇಳಿ ವಿಡಿಯೊ ಅಳಿಸಿದ.

ಹಾಗಾದರೆ ಒಂದು ಎಣ್ಣೆಯೋ ಪುಡಿಯೋ ಚೆನ್ನಾಗಿಲ್ಲ ಎಂದು ನಾವು ಹೇಳಬಹುದೋ, ಬಾರದೋ? ಜನ ಕೇಳುತ್ತಿರುವುದು ಇದನ್ನೇ. ಇದರ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಅದೇ ಪುಡಿಯನ್ನು ದುಡ್ಡು ತಗೊಂಡು ಹೊಗಳಿದವರ ಹತ್ತಿರ ಯಾರೂ ಲ್ಯಾಬ್ ರಿಪೋರ್ಟ್ ಕೇಳುವುದಿಲ್ಲವಲ್ಲ, ಯಾಕೆ?

ಗೆಳೆಯನ ಮಾತಿನ ದನಿಯಲ್ಲಿ ಜಾಹೀರಾತು

ಟಿವಿ ಕಾಲದಲ್ಲಿ ಜಾಹೀರಾತು ಯಾವುದು, ಕಾರ್ಯಕ್ರಮ ಯಾವುದು ಎಂದು ಮಕ್ಕಳಿಗೂ ಗೊತ್ತಾಗುತ್ತಿತ್ತು. ಧಾರಾವಾಹಿ ನಿಲ್ಲುತ್ತಿತ್ತು, ಜಾಹೀರಾತು ಬರುತ್ತಿತ್ತು, ಆಮೇಲೆ ಧಾರಾವಾಹಿ ಮುಂದುವರಿಯುತ್ತಿತ್ತು. ಪತ್ರಿಕೆಯಲ್ಲಾದರೆ ಸುತ್ತ ಒಂದು ಗೆರೆ ಇರುತ್ತಿತ್ತು. ಆ ಗೆರೆ ಕಂಡ ಕೂಡಲೇ ನಮ್ಮ ಮನಸ್ಸು ‘ಇದು ಮಾರುವವನ ಮಾತು’ ಎಂದು ಸ್ವಲ್ಪ ಎಚ್ಚರವಾಗುತ್ತಿತ್ತು.

ಫೋನಿನಲ್ಲಿ ಆ ಗೆರೆ ಕಾಣುವುದಿಲ್ಲ. ಒಂದು ಮಾಮೂಲಿ ರೀಲ್ಸ್ ನೋಡಿ. ಕಾವಲಿಯ ಮೇಲೆ ದೋಸೆ, ಅದರ ಮೇಲೆ ಜಾರುತ್ತಿರುವ ಬೆಣ್ಣೆ. ಹುಡುಗನೊಬ್ಬ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾನೆ. ‘ಗುರು, ಬೆಂಕಿ! ಒಂದ್ಸಲ ಬನ್ನಿ, ಮಿಸ್ ಮಾಡ್ಬೇಡಿ’ ಎನ್ನುತ್ತಾನೆ. ವಿಳಾಸ ಕೆಳಗಿದೆ ಎಂದು ಬೆರಳು ತೋರಿಸುತ್ತಾನೆ. ಆ ವಿಳಾಸ ನೋಡಲು ‘ಮೋರ್’ ಒತ್ತಬೇಕು. ಒತ್ತಿದರೆ ವಿಳಾಸ, ಸಮಯ, ಹತ್ತು ಹನ್ನೆರಡು ಹ್ಯಾಷ್‌ಟ್ಯಾಗ್‌ಗಳು, ಅವುಗಳ ಕೊನೆಯಲ್ಲಿ ಸಣ್ಣದಾಗಿ ‘ಕೊಲಾಬ್’, ಅಂದರೆ ಹೋಟೆಲಿನ ಜತೆ ಒಪ್ಪಂದ ಮಾಡಿಕೊಂಡು ಮಾಡಿದ್ದು ಎಂಬ ಸೂಚನೆ. ಅದೂ ಇಂಗ್ಲಿಷ್ ಅಕ್ಷರದಲ್ಲಿ. ಮಾತೆಲ್ಲ ಕನ್ನಡ, ದುಡ್ಡಿನ ವಿಷಯ ಮಾತ್ರ ಇಂಗ್ಲಿಷ್. ಅಷ್ಟು ಕೆಳಗೆ ಇಳಿದು ಓದುವವರು ಎಷ್ಟು ಜನ ಇರಬಹುದು, ನೀವೇ ಹೇಳಿ.

ಇಲ್ಲಿ ಹೋಟೆಲಿನವರು ಕೊಂಡದ್ದು ಆ ಹುಡುಗನ ಮೇಲೆ ಅವನ ಫಾಲೋವರ್ಸ್ ಇಟ್ಟಿರುವ ನಂಬಿಕೆಯನ್ನು. ಕೊಳ್ಳುವುದಕ್ಕೆ ದಾರಿಗಳು ಹಲವು. ಒಂದು ವಿಡಿಯೊಗೆ ಇಷ್ಟು ಎಂದು ದುಡ್ಡು ಕೊಡಬಹುದು. ದುಡ್ಡಿಲ್ಲದೆ ಊಟ, ಬಟ್ಟೆ, ರೆಸಾರ್ಟಿನಲ್ಲಿ ಎರಡು ದಿನದ ವಾಸ ಕೊಡಬಹುದು. ಇದಕ್ಕೆ ಈ ವಲಯದಲ್ಲಿ ‘ಬಾರ್ಟರ್’ ಎನ್ನುತ್ತಾರೆ. ‘ನನ್ನ ಕೋಡ್ ಹಾಕಿದರೆ ರಿಯಾಯಿತಿ’ ಎಂದು ಹೇಳಿಸಿ, ಮಾರಾಟವಾದ ಪ್ರತಿ ವಸ್ತುವಿಗೂ ಕಮಿಷನ್ ಕೊಡಬಹುದು.

ದೊಡ್ಡ ಸಂಸ್ಥೆಗಳಲ್ಲೂ ಲೆಕ್ಕ ಇದೇ, ಮೊತ್ತ ಮಾತ್ರ ಬೇರೆ. ನಮ್ಮ ಸರ್ಕಾರಿ ಸಂಸ್ಥೆ ಕೆಎಸ್‌ಡಿಎಲ್ (ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ) 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿ ಮಾಡಿಕೊಂಡಿತು. ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ಜಾಲತಾಣದಲ್ಲಿ ದೊಡ್ಡ ಆಕ್ಷೇಪ ಎದ್ದಿತು. ಸಚಿವ ಎಂ.ಬಿ. ಪಾಟೀಲರು ಅಲ್ಲೇ ಉತ್ತರವನ್ನೂ ಕೊಟ್ಟರು. ಕರ್ನಾಟಕದ ಆಚೆಯ ಮಾರುಕಟ್ಟೆ ಹಿಡಿಯುವುದು ಉದ್ದೇಶ, ಜಾಲತಾಣದಲ್ಲಿ ಆಕೆಗಿರುವ ಬೆಂಬಲವನ್ನೂ ನೋಡಿಯೇ ಆಯ್ಕೆ ಮಾಡಿದ್ದೇವೆ ಎಂಬುದು ಅವರ ವಿವರಣೆ. ಆಯ್ಕೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನೂರು ವರ್ಷ ದಾಟಿದ, ಮನೆಮನೆಯಲ್ಲಿ ಹೆಸರಿರುವ ಸೋಪಿಗೂ ಫಾಲೋವರ್ಸ್ ಲೆಕ್ಕ ಬೇಕಾಗಿದೆ ಎಂಬುದನ್ನು ಗಮನಿಸಬೇಕು. ಪ್ರಚಾರ ನಡೆದ ಜಾಗದಲ್ಲೇ ಸಂಸ್ಥೆ ತನ್ನ ಸಮರ್ಥನೆಯನ್ನೂ ಕೊಡಬೇಕಾಗಿ ಬಂತು.

ಅದೇ ಬಾಗಿಲಿನಿಂದ ದೂರೂ ಬರುತ್ತದೆ

ಟಿವಿಯ ಕೆಳಗೆ ಕಾಮೆಂಟ್ ಹಾಕುವ ಜಾಗ ಇರಲಿಲ್ಲ. ಇಲ್ಲಿ ಇದೆ. ಕೆಟ್ಟುಹೋದ ಮಿಕ್ಸಿಯ ಫೋಟೊ ಹಾಕಿ ಕಂಪನಿಯನ್ನು ಟ್ಯಾಗ್ ಮಾಡಿದರೆ ಎಲ್ಲರಿಗೂ ಕಾಣುತ್ತದೆ. ಹೀಗಾಗಿ ಕಂಪನಿಗಳು ತಮ್ಮ ಹೆಸರು ಎಲ್ಲೆಲ್ಲಿ ಬರುತ್ತಿದೆ ಎಂದು ದಿನವಿಡೀ ನೋಡುವ ತಂಡಗಳನ್ನು ಇಟ್ಟುಕೊಂಡಿವೆ. ಸಾಫ್ಟ್‌ವೇರ್ ಹೆಸರು ಹುಡುಕಿ ಕೊಡುತ್ತದೆ, ಹೊಗಳಿಕೆಯೋ ತೆಗಳಿಕೆಯೋ ಎಂದು ವಿಂಗಡಿಸುತ್ತದೆ. ಯಾವ ದೂರು ಬೇಗ ಹರಡಬಹುದು ಎಂದು ನೋಡಿ ಉತ್ತರ ಹೋಗುತ್ತದೆ.

ಆ ಉತ್ತರ ನಮಗೆಲ್ಲ ಬಾಯಿಪಾಠ: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ವಿವರಗಳನ್ನು ಡಿಎಂ ಮಾಡಿ.’ ಡಿಎಂ ಎಂದರೆ ಬೇರೆಯವರಿಗೆ ಕಾಣದ ಖಾಸಗಿ ಸಂದೇಶ. ಫೋನ್ ನಂಬರು, ಬಿಲ್ಲಿನ ನಂಬರು ಎಲ್ಲರ ಮುಂದೆ ಹಾಕಬಾರದು, ಅದು ನ್ಯಾಯವೇ. ಆದರೆ ಇದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಜಗಳ ಬೀದಿಯಿಂದ ಒಳಮನೆಗೆ ಹೋಗುತ್ತದೆ. ಉತ್ತರ ಕೊಟ್ಟದ್ದು ಹೊರಗಿನವರಿಗೆ ಕಾಣುತ್ತದೆ, ಮಿಕ್ಸಿ ರಿಪೇರಿ ಆಯಿತೋ ಇಲ್ಲವೋ ಕಾಣುವುದಿಲ್ಲ.

ಕಾಮೆಂಟನ್ನು ಹೀಗೆ ಸಂಭಾಳಿಸಬಹುದು. ಹತ್ತು ನಿಮಿಷದ ವಿಡಿಯೊ ಆದರೆ ಕಷ್ಟ. ಆಗ ಮಾನನಷ್ಟದ ನೋಟಿಸ್, ಟ್ರೇಡ್‌ಮಾರ್ಕ್ ಉಲ್ಲಂಘನೆಯ ನೋಟಿಸ್ ಹೊರಗೆ ಬರುತ್ತವೆ. ಕಂಪನಿಯ ಜಾಹೀರಾತಿನ ಒಂದು ತುಣುಕು ವಿಡಿಯೊದಲ್ಲಿದ್ದರೆ ಯೂಟ್ಯೂಬ್‌ಗೆ ಕಾಪಿರೈಟ್ ದೂರು ಕೊಡುವ ದಾರಿಯೂ ಇದೆ. ಇಂಥ ದೂರಿನಿಂದ ಚಾನೆಲ್ ಮೇಲೆ ಬೀಳುವ ಎಚ್ಚರಿಕೆಯ ಗುರುತಿಗೆ ‘ಸ್ಟ್ರೈಕ್’ ಎನ್ನುತ್ತಾರೆ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ವಿಡಿಯೊದಲ್ಲಿ ಹೇಳಿದ್ದು ನಿಜವೋ ಸುಳ್ಳೋ ಎಂಬ ವಿಚಾರಣೆ ಇಲ್ಲಿ ನಡೆಯುವುದೇ ಇಲ್ಲ. ವರ್ಷಗಟ್ಟಲೆ ಕಟ್ಟಿದ ಚಾನೆಲ್ ಉಳಿಸಿಕೊಳ್ಳಬೇಕು ಎನ್ನುವವನು ಸುಮ್ನೆ ವಿಡಿಯೊ ಅಳಿಸುತ್ತಾನೆ.

ಒಂದು ಡಬ್ಬ, ಎರಡು ಲೆಕ್ಕ

ಬೋರ್ನ್‌ವಿಟಾ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಇಡೀ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

2023ರ ಏಪ್ರಿಲ್ ಮೊದಲ ದಿನಗಳಲ್ಲಿ ‘ಫುಡ್ ಫಾರ್ಮರ್’ ಹೆಸರಿನಲ್ಲಿ ವಿಡಿಯೊ ಮಾಡುವ ರೇವಂತ್ ಹಿಮತ್‌ಸಿಂಗ್ಕಾ, ಬೋರ್ನ್‌ವಿಟಾದಲ್ಲಿ ಅರ್ಧದಷ್ಟು ಸಕ್ಕರೆಯೇ ಇದೆ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ವಿಡಿಯೊ ಹಾಕಿದರು. ಸುಮಾರು 1.2 ಕೋಟಿ ಸಲ ಅದನ್ನು ಜನ ನೋಡಿದರು. ಏಪ್ರಿಲ್ 13ರಂದು ನೋಟಿಸ್ ಬಂತು. ಕೇಸು ನಡೆಸುವ ಆಸಕ್ತಿಯಾಗಲಿ, ಅದಕ್ಕೆ ಬೇಕಾದ ಸಂಪನ್ಮೂಲವಾಗಲಿ ತನ್ನಲ್ಲಿ ಇಲ್ಲ ಎಂದು ಹೇಳಿ ಅವರು ವಿಡಿಯೊ ತೆಗೆದರು.

ಈಗ ಡಬ್ಬವನ್ನೇ ಕೈಗೆ ತೆಗೆದುಕೊಳ್ಳೋಣ. ಆಗಿನ ಲೇಬಲ್ಲಿನಲ್ಲಿ 100 ಗ್ರಾಂ ಪುಡಿಗೆ ಒಟ್ಟು ಸಕ್ಕರೆ 49.8 ಗ್ರಾಂ. ಅದರಲ್ಲಿ ಮೇಲಿನಿಂದ ಸೇರಿಸಿದ್ದು 37.4 ಗ್ರಾಂ. ಅರ್ಧದಷ್ಟು ಸಕ್ಕರೆ ಎಂಬ ಮಾತು ಬಂದದ್ದು ಇಲ್ಲಿಂದ. ಕಂಪನಿ ಕೊಟ್ಟ ಉತ್ತರ ಬೇರೆ: ಮಗು ಒಂದು ಸಲಕ್ಕೆ ಕುಡಿಯುವುದು 20 ಗ್ರಾಂ ಪುಡಿ, ಅದರಲ್ಲಿ ಸೇರಿಸಿದ ಸಕ್ಕರೆ 7.5 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ. 37.4ನ್ನು ಐದರಿಂದ ಭಾಗಿಸಿ ನೋಡಿ, 7.48 ಬರುತ್ತದೆ. ಎರಡೂ ಒಂದೇ ಲೆಕ್ಕ. ಒಬ್ಬರು ಡಬ್ಬ ನೋಡಿ ಹೇಳಿದರು, ಇನ್ನೊಬ್ಬರು ಲೋಟ ನೋಡಿ ಹೇಳಿದರು.

ಹಾಗಿದ್ದರೆ ನೋಟಿಸ್ ಯಾಕೆ? ವಿಡಿಯೊದಲ್ಲಿ ಸಕ್ಕರೆಯ ಮಾತಷ್ಟೇ ಇರಲಿಲ್ಲ. ಬಣ್ಣಕ್ಕೆ ಬಳಸುವ ಕ್ಯಾರಮೆಲ್‌ನಿಂದ ಕ್ಯಾನ್ಸರ್ ಬರಬಹುದು ಎಂಬ ಅರ್ಥದ ಮಾತಿತ್ತು. ಕಂಪನಿಯ ಪ್ರಸಿದ್ಧ ಘೋಷಣೆಯನ್ನು ತಿರುಚಿ ಡಯಾಬಿಟಿಸ್‌ಗೆ ತಯಾರಿ ಎಂದದ್ದೂ ಇತ್ತು. ಬಣ್ಣದ ಪ್ರಮಾಣ ನಿಯಮದ ಮಿತಿಯೊಳಗೇ ಇದೆ ಎಂಬ ಕಂಪನಿಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ವಿಡಿಯೊದಲ್ಲಿ ಗಟ್ಟಿ ಮಾತೂ ಇತ್ತು, ಅಳತೆ ಮೀರಿದ ಮಾತೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡುವ ಅವಕಾಶವೇ ಸಿಗಲಿಲ್ಲ. ಒಂದು ನೋಟಿಸಿಗೆ ಸತ್ಯವಾದ ಸಕ್ಕರೆ ಲೆಕ್ಕವೂ ಅಳಿಸಿಹೋಯಿತು.

ಅಳಿಸಿದ ಮೇಲೆ ಆದದ್ದು ಕಂಪನಿ ಎಣಿಸಿದ್ದಕ್ಕೆ ಪೂರ್ತಿ ಉಲ್ಟಾ. ‘ಯಾಕೆ ತೆಗೆಸಿದರು?’ ಎಂಬುದೇ ಸುದ್ದಿಯಾಯಿತು. ವಿಡಿಯೊ ನೋಡದೇ ಇದ್ದವರೂ ಅಡುಗೆಮನೆಗೆ ಹೋಗಿ ಡಬ್ಬ ತಿರುಗಿಸಿ ಓದಿದರು. ಅದೇ ತಿಂಗಳು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಗೆ ಪತ್ರ ಬರೆದು ವಿವರಣೆ ಕೇಳಿತು. ವರ್ಷದ ಕೊನೆಗೆ ಕಂಪನಿಯೇ ಸೇರಿಸಿದ ಸಕ್ಕರೆಯನ್ನು ಸುಮಾರು ಶೇ 14ರಷ್ಟು ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕಳಿಸಿತು: ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಇಲ್ಲ ಎಂಬುದು ಕಾರಣ. ಅದೇ ತಿಂಗಳು ಹಾರ್ಲಿಕ್ಸ್ ಮಾರುವ ಹಿಂದೂಸ್ತಾನ್ ಯೂನಿಲಿವರ್ ಕೂಡ ತನ್ನ ವಿಭಾಗದ ಹೆಸರಿನಿಂದ ‘ಹೆಲ್ತ್’ ಪದ ಕೈಬಿಟ್ಟಿತು.

ಎಷ್ಟೋ ವರ್ಷ ಟಿವಿಯಲ್ಲಿ, ಆಮೇಲೆ ಫೋನಿನಲ್ಲಿ ‘ಹೆಲ್ತ್’ ಎಂಬ ಪದ ಓಡಾಡಿತು. ಆ ಪದಕ್ಕೆ ಆಧಾರ ಏನು ಎಂದು ದೊಡ್ಡ ಮಟ್ಟದಲ್ಲಿ ಪ್ರಶ್ನೆ ಎದ್ದದ್ದು ಒಬ್ಬ ತೆಗಳಿದ ಮೇಲೆ. ತೆಗಳಿದವನ ಆಧಾರ ಕೇಳಲು ಮಾತ್ರ ಎರಡು ವಾರವೂ ಬೇಕಾಗಲಿಲ್ಲ. ನನ್ನ ತಕರಾರು ಇರುವುದು ಈ ವ್ಯತ್ಯಾಸದ ಬಗ್ಗೆ.

‘ದುಡ್ಡು ತಗೊಂಡು ಹೇಳ್ತಿದ್ದೀಯಾ’

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಆರಿಸಿದ್ದು ಇನ್ನೊಂದು ದಾರಿ. 2024ರ ಅಕ್ಟೋಬರ್ 6ರಂದು ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಸರ್ವಿಸ್ ಸೆಂಟರಿನ ಮುಂದೆ ಧೂಳು ಹಿಡಿದು ಸಾಲಾಗಿ ನಿಂತ ಸ್ಕೂಟರುಗಳ ಫೋಟೊವನ್ನು ಎಕ್ಸ್ (ಹಿಂದಿನ ಟ್ವಿಟರ್) ಜಾಲತಾಣದಲ್ಲಿ ಹಾಕಿದರು. ಕಂಪನಿಯ ಮುಖ್ಯಸ್ಥ ಭವೀಶ್ ಅಗರ್‌ವಾಲ್ ಖುದ್ದಾಗಿ ಉತ್ತರಿಸಿದರು. ಇದು ದುಡ್ಡು ಕೊಟ್ಟು ಹಾಕಿಸಿದ ಪೋಸ್ಟ್ ಎಂಬಂತೆ ಮಾತಾಡಿದರು, ಬಂದು ನಮಗೆ ಸಹಾಯ ಮಾಡು, ಇಲ್ಲದಿದ್ದರೆ ಸುಮ್ಮನೆ ಕೂರು ಎಂದರು.

ಬೆಂಕಿಗೆ ತುಪ್ಪ ಸುರಿದಂತಾಯಿತು. ಆ ಜಗಳದ ಕೆಳಗೆ ಓಲಾ ಗ್ರಾಹಕರೇ ಬಂದು ತಮ್ಮ ತಮ್ಮ ಸ್ಕೂಟರಿನ ಕಥೆ ಬರೆಯತೊಡಗಿದರು. ಮರುದಿನ ಷೇರು ಶೇ 8ಕ್ಕೂ ಜಾಸ್ತಿ ಕುಸಿಯಿತು. ಆ ದಿನ ಇಡೀ ಮಾರುಕಟ್ಟೆಯೇ ಇಳಿದಿತ್ತು, ಹಾಗಾಗಿ ಎಲ್ಲವನ್ನೂ ಒಂದು ಪೋಸ್ಟಿನ ತಲೆಗೆ ಕಟ್ಟುವಂತಿಲ್ಲ. ಅದೇ ದಿನ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ಕಾರಣ ಕೇಳುವ ಶೋಕಾಸ್ ನೋಟಿಸ್ ಹೊರಟಿತು. ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ 10,644 ದೂರುಗಳು ಅದರ ಹಿಂದಿದ್ದವು. ಅವುಗಳಲ್ಲಿ ಶೇ 99.1ರಷ್ಟನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಆಮೇಲೆ ಹೇಳಿತು.

ಅಂದರೆ ಫೋಟೊ ಬರುವ ಮೊದಲೇ ದೂರುಗಳ ರಾಶಿ ಇತ್ತು. ಅದಕ್ಕೂ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ ರಿಪೇರಿ ವಿಷಯಕ್ಕೆ ಬೇಸತ್ತ ಗ್ರಾಹಕನೊಬ್ಬ ಶೋರೂಮಿಗೇ ಬೆಂಕಿ ಹಚ್ಚಿ ಜೈಲು ಸೇರಿದ್ದ. ಅದು ಅಪರಾಧ, ಎರಡು ಮಾತಿಲ್ಲ. ಆದರೆ ಸರ್ವಿಸ್ ಕೌಂಟರಿನಲ್ಲಿ ಏನೋ ಕೆಟ್ಟಿದೆ ಎಂಬ ಸೂಚನೆಯೂ ಅದರಲ್ಲಿತ್ತು. ಕೌಂಟರಿನಲ್ಲಿ ಕೆಟ್ಟದ್ದನ್ನು ಎಕ್ಸ್ ಖಾತೆಯಲ್ಲಿ ರಿಪೇರಿ ಮಾಡಲು ಆಗುವುದಿಲ್ಲ. ತೆಗಳಿದವನನ್ನು ‘ಪೇಯ್ಡ್’ ಎಂದು ಕರೆದರೆ ಸ್ಕೂಟರಿನ ಸಾಲು ಒಂದಡಿಯೂ ಮುಂದೆ ಹೋಗುವುದಿಲ್ಲ.

ಕಂಪನಿಗಳ ಮಾತಿನಲ್ಲೂ ಹುರುಳಿದೆ

ಹಾಗಂತ ತೆಗಳುವವರೆಲ್ಲ ಸತ್ಯವಂತರು ಎಂದು ತಿಳಿಯಬೇಕಿಲ್ಲ. ಸುಳ್ಳು ವಿಡಿಯೊ ಒಂದು ರಾತ್ರಿಯಲ್ಲಿ ಹರಡುತ್ತದೆ, ಸ್ಪಷ್ಟನೆ ಅದರ ಹಿಂದೆ ಕುಂಟುತ್ತಾ ಹೋಗುತ್ತದೆ. ‘ಊಟ ಫ್ರೀ ಕೊಡಿ, ಇಲ್ಲದಿದ್ದರೆ ಒಂದು ಸ್ಟಾರ್ ಹಾಕುತ್ತೇನೆ’ ಎನ್ನುವವರ ಕಾಟ ಸಣ್ಣ ಹೋಟೆಲಿನವರಿಗೆ ಇದೆ. ಎದುರಾಳಿ ಕಂಪನಿಯೇ ಹಿಂದೆ ನಿಂತು ತೆಗಳಿಸಬಹುದು. ತೆಗಳುವವನೇ ನಾಳೆ ತನ್ನದೇ ಪುಡಿ ಮಾರಲು ಬರಬಹುದು. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಎರಡು ಕಾವಲಿಯ ದರ್ಶಿನಿಗೆ ಗೂಗಲ್ ಮ್ಯಾಪ್‌ನ ಸ್ಟಾರ್ ಬಿಟ್ಟರೆ ಬೇರೆ ಹೆಸರಿಲ್ಲ.

ಇದಕ್ಕೆ ಉತ್ತರವಾಗಿ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಎಂಬ ಮಾನದಂಡ ತಂದಿತು. ರಿವ್ಯೂ ಬರೆದವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಬೇಕು, ಕೆಟ್ಟ ರಿವ್ಯೂಗಳನ್ನು ಮುಚ್ಚಿಡಬಾರದು ಎಂಬುದು ಅದರ ಆಶಯ. ಆದರೆ ಅದನ್ನು ಸ್ವಯಂಪ್ರೇರಿತ ಎಂದೇ ತಂದರು. ಇಷ್ಟವಿದ್ದವರು ಪಾಲಿಸಬಹುದಿತ್ತು ಅಷ್ಟೇ.

ಹೊಗಳುವವರಿಗೆ ಕಾನೂನು ಇದೆಯಾ?

ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಷ್ಟೇ ಅಲ್ಲ, ಅದನ್ನು ಶಿಫಾರಸು ಮಾಡಿದವರೂ ಹೊಣೆ. ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಶಿಫಾರಸು ಮಾಡದಂತೆ ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ನಿಷೇಧವನ್ನೂ ಹೇರಬಹುದು. ಹೇಳಿದ್ದು ನಿಜವೇ ಎಂದು ಮೊದಲೇ ವಿಚಾರಿಸಿದ್ದೆ ಎಂದು ತೋರಿಸಿದರೆ ಶಿಫಾರಸು ಮಾಡಿದವರು ಪಾರಾಗುತ್ತಾರೆ.

2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನಷ್ಟು ಬಿಡಿಸಿ ಹೇಳಿತು. ದುಡ್ಡು ಮಾತ್ರವಲ್ಲ, ಪುಕ್ಕಟೆ ವಸ್ತು, ಪ್ರವಾಸ, ಹೋಟೆಲ್ ವಾಸ ಪಡೆದಿದ್ದರೂ ತಿಳಿಸಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡಬಾರದು. ವಿಡಿಯೊ ಆದರೆ ಪರದೆಯ ಮೇಲೂ ಕಾಣಬೇಕು, ಬಾಯಿಂದಲೂ ಹೇಳಬೇಕು. ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಇರಬೇಕು.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಆ ದೋಸೆ ರೀಲ್ಸ್ ಪೂರ್ತಿ ಕನ್ನಡದಲ್ಲಿದ್ದರೆ ‘ಇದು ಜಾಹೀರಾತು’ ಎಂದು ಕನ್ನಡದಲ್ಲೇ ಬರಬೇಕು, ಕಿವಿಗೂ ಕೇಳಬೇಕು. ಕೇಳಿಸುತ್ತಿದೆಯಾ? ನಿಮ್ಮ ಫೋನಿನಲ್ಲೇ ಹತ್ತು ರೀಲ್ಸ್ ನೋಡಿ ಎಣಿಸಿ.

ನಿಯಮ ಇದ್ದೂ ಯಾಕೆ ಹೀಗೆ? ತೆಗಳಿಕೆಯಿಂದ ಯಾರಿಗೆ ನಷ್ಟ ಎಂದು ಸ್ಪಷ್ಟ. ಕಂಪನಿಯ ಹತ್ತಿರ ವಕೀಲರೂ ಇದ್ದಾರೆ, ಬೆನ್ನು ಹತ್ತಲು ಕಾರಣವೂ ಇದೆ. ಸುಳ್ಳು ಹೊಗಳಿಕೆಯ ನಷ್ಟ ಸಾವಿರಾರು ಜನರ ನಡುವೆ ಹಂಚಿಹೋಗುತ್ತದೆ. 300 ರೂಪಾಯಿ ಕ್ರೀಮ್ ಕೆಲಸ ಮಾಡಲಿಲ್ಲ ಎಂದು ಯಾರು ಕೋರ್ಟಿಗೆ ಹೋಗುತ್ತಾರೆ? ಆ 300 ರೂಪಾಯಿ ಮರೆತುಬಿಡುತ್ತಾರೆ. ಹೀಗಾಗಿ ತೆಗಳಿದವನ ಹಿಂದೆ ಅಟ್ಟಿಸಿಕೊಂಡು ಬರುವವರು ಇದ್ದಾರೆ, ಹೊಗಳಿದವನ ಹಿಂದೆ ಯಾರೂ ಇಲ್ಲ.

ಕೋರ್ಟುಗಳು ಹಾಕುತ್ತಿರುವ ಗೆರೆ

ಈಗ ಮೊದಲಿನ ಗೊಂದಲಕ್ಕೆ ಬರೋಣ. ಪ್ಯಾರಾಚೂಟ್ ಪ್ರಕರಣದಲ್ಲಿ ಯೂಟ್ಯೂಬರ್ ಎಣ್ಣೆಯನ್ನು ಹೆಪ್ಪುಗಟ್ಟಿಸಿ, ಬೇರೆ ಬಗೆಯ ಕೊಬ್ಬರಿ ಎಣ್ಣೆಯ ಬಣ್ಣದ ಜತೆ ಹೋಲಿಸಿದ್ದ. ಒಣ ಕೊಬ್ಬರಿಯಿಂದ ತೆಗೆದ ಎಣ್ಣೆಯೇ ಬೇರೆ, ಹಸಿ ಕಾಯಿಯಿಂದ ತೆಗೆದ ವರ್ಜಿನ್ ಎಣ್ಣೆಯೇ ಬೇರೆ. ಆ ಹೋಲಿಕೆ ನಿಲ್ಲಲಿಲ್ಲ. ಜನ ನಂಬುವ ಸ್ಥಾನದಲ್ಲಿ ಇರುವವರಿಗೆ ಹೇಳುವ ಮೊದಲು ಪರೀಕ್ಷಿಸುವ ಹೊಣೆ ಜಾಸ್ತಿ ಎಂದು 2020ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆ ಆದೇಶದ ವಿರುದ್ಧ ಮೇಲ್ಮನವಿಯೂ ಹೋಯಿತು.

ಪ್ರೋಟೀನ್ ಪುಡಿಯ ಪ್ರಕರಣದಲ್ಲಿ ಯೂಟ್ಯೂಬರ್‌ಗಳ ಹತ್ತಿರ ಲ್ಯಾಬ್ ವರದಿಗಳಿದ್ದವು. ಆಧಾರ ಇಟ್ಟುಕೊಂಡು ಆಡಿದ ಮಾತು ಸ್ವಲ್ಪ ಖಾರವಾಗಿದ್ದರೂ ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತದೆ, ತಿನ್ನುವ ಪದಾರ್ಥದ ಬಗ್ಗೆ ತಿಳಿಯುವುದು ಜನರಿಗೆ ಬೇಕಾದದ್ದು ಎಂಬುದು ದೆಹಲಿ ಹೈಕೋರ್ಟಿನ ನಿಲುವು. ಎರಡು ಆದೇಶಗಳೂ ಒಂದಕ್ಕೊಂದು ವಿರುದ್ಧ ಅನ್ನಿಸಬಹುದು. ಆದರೆ ಎರಡರಲ್ಲೂ ಕೇಳಿದ್ದು ಒಂದೇ: ನೀನು ಹೇಳಿದ್ದಕ್ಕೆ ಆಧಾರ ಏನು?

ಮುಂದೆ ಏನಾಗಬಹುದು

ಈ ಗೆರೆ ಹೀಗೇ ಉಳಿದರೆ ತೆಗಳುವವರು ಮೊದಲು ಲ್ಯಾಬಿಗೆ ಹೋಗುತ್ತಾರೆ. ಅದು ಒಳ್ಳೆಯದೇ. ಆದರೆ ಪರೀಕ್ಷೆಗೆ ದುಡ್ಡು ಬೇಕು. ಹತ್ತು ಲಕ್ಷ ಫಾಲೋವರ್ಸ್ ಇರುವವರಿಗೆ ಅದು ದೊಡ್ಡದಲ್ಲ. ಹಾವೇರಿಯಲ್ಲೋ ಮಂಡ್ಯದಲ್ಲೋ ಕೂತು ಕನ್ನಡದಲ್ಲಿ ವಿಡಿಯೊ ಮಾಡುವ ಹುಡುಗಿಗೆ ದೊಡ್ಡದೇ. ಅವಳು ಹೊಗಳುವ ವಿಡಿಯೊ ಮಾಡಿದರೆ ಖರ್ಚಿಲ್ಲ, ಮೇಲೆ ಕಾಸೂ ಬರುತ್ತದೆ. ತೆಗಳಿದರೆ ಪರೀಕ್ಷೆಯ ಬಿಲ್ಲು, ಬಹುಶಃ ವಕೀಲರ ಬಿಲ್ಲು. ಯಾವ ಕಡೆ ವಾಲುತ್ತಾಳೆ ಎಂದು ಬೇರೆ ಹೇಳಬೇಕಾ? ಕನ್ನಡದಲ್ಲಿ ಗಟ್ಟಿಯಾದ ಉತ್ಪನ್ನ ವಿಮರ್ಶೆ ಬೆಳೆಯಬೇಕಾದರೆ ಈ ಖರ್ಚಿಗೆ ಒಂದು ದಾರಿ ಆಗಬೇಕು. ಗ್ರಾಹಕ ಸಂಘಟನೆಗಳು, ಸರ್ಕಾರಿ ಪರೀಕ್ಷಾಲಯಗಳು ಇಲ್ಲಿ ಕೈಜೋಡಿಸಬಹುದು.

ಇನ್ನೊಂದು ಬದಲಾವಣೆ ಷೇರು ಪೇಟೆಯಲ್ಲಿ ಆಗಲೇ ಕಾಣುತ್ತಿದೆ. ನೋಂದಣಿ ಇಲ್ಲದೆ ಹೂಡಿಕೆ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳ ಜತೆ ಬ್ರೋಕರ್‌ಗಳು, ಮ್ಯೂಚುವಲ್ ಫಂಡ್‌ಗಳು ನಂಟು ಇಟ್ಟುಕೊಳ್ಳದಂತೆ ಷೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ನಿಯಮ ತಂದಿತು. ಹೊಗಳುವವರಿಗೂ ಅರ್ಹತೆ ಕೇಳುವ ಪದ್ಧತಿ ಅಲ್ಲಿ ಶುರುವಾಗಿದೆ. ಔಷಧ, ಪೌಷ್ಟಿಕ ಪುಡಿ, ಮಕ್ಕಳ ಆಹಾರಕ್ಕೂ ಅಷ್ಟೇ ಬಿಗಿಯಾದ ನಿಯಮ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ದುಡ್ಡು ತಗೊಂಡದ್ದನ್ನು ಮುಚ್ಚಿಟ್ಟ ರೀಲ್ಸ್ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಷಯ ತಿಳಿಸಬಹುದು. ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಮೊದಲೇ ಉಳಿಸಿಕೊಳ್ಳಿ, ಯಾಕೆಂದರೆ ದೂರು ಬಿದ್ದ ಕೂಡಲೇ ರೀಲ್ಸ್ ಮಾಯವಾಗಬಹುದು. ಓಲಾ ವಿಷಯದಲ್ಲಿ ಪ್ರಾಧಿಕಾರ ನೋಟಿಸ್ ಕೊಟ್ಟದ್ದು ಇಂಥ ಒಂದೊಂದೇ ದೂರು ಸೇರಿ 10,644 ಆದ ಮೇಲೆ.

ದೆಹಲಿಯ ಪ್ರಕರಣದಲ್ಲಿ ಬಂದದ್ದು ಮಧ್ಯಂತರ ಹಂತದ ಆದೇಶ. ಪೂರ್ತಿ ವಿಚಾರಣೆಯಲ್ಲಿ ಯಾವ ಡಬ್ಬ, ಯಾವ ಬ್ಯಾಚ್, ಯಾವ ಲ್ಯಾಬ್, ಯಾವ ವಿಧಾನ ಎಂದು ಒಂದೊಂದಾಗಿ ಸಾಬೀತಾಗಬೇಕು. ಯೂಟ್ಯೂಬರ್‌ಗಳು ಅದಕ್ಕೆ ಉತ್ತರ ಕೊಡಲೇಬೇಕು. ಲೇಬಲ್ಲಿನ ಮೇಲೆ ಆ ಅಂಕಿ ಬರೆದ ಕಂಪನಿಯೂ ಅದೇ ಪ್ರಶ್ನೆಗಳಿಗೆ ಅದೇ ಕಟಕಟೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.